ಕೆಳಗಿನಿಂದ ಹುಡುಕಬೇಕಾದ ಸೋರಿಕೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಎಲ್ಲರಿಗೂ ಗೊತ್ತು. ಆ ಬೆಳಿಗ್ಗೆ ಅದು ಯಂತ್ರದ ಮೇಲೆ ತಿರುಗಿತ್ತು. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಈ ಯಂತ್ರ ಕಣ್ಣಿಗೆ ಕಾಣದ ಕಣಗಳನ್ನು ತೂಗಿ ಗುರುತು ಹಿಡಿಯುತ್ತದೆ. ಹಾಗೆ ತೂಗಬೇಕಾದರೆ ಅದರ ಹೊಟ್ಟೆಯಲ್ಲಿ ಗಾಳಿ ಇರಕೂಡದು. ಎರಡು ಪಂಪುಗಳು ಬಿಡುವಿಲ್ಲದೆ ಗಾಳಿ ಹೀರುತ್ತಿದ್ದರೂ ಪರದೆಯ ಮೇಲೆ ಸಾರಜನಕ, ಆಮ್ಲಜನಕದ ಗೆರೆಗಳು ನನ್ನನ್ನು ಅಣಕಿಸುತ್ತ ನಿಂತಿದ್ದವು. ಎಲ್ಲೋ ಸೋರುತ್ತಿತ್ತು.

ಮೂರನೇ ಮಹಡಿಯಲ್ಲಿ ಐದು ದಿನದ ಹೆಣ್ಣುಮಗು ಕಣ್ಣು ತೆರೆಯದೆ ಮಲಗಿತ್ತು. ಕುಡಿದ ಹಾಲು ಅದರ ಮೈಯಲ್ಲಿ ವಿಷವಾಗುತ್ತಿದೆ ಎಂದು ಡಾಕ್ಟರಿಗೆ ಅನುಮಾನ. ಹಾಲು ನಿಲ್ಲಿಸಿದ್ದರು. ಯಾವ ಔಷಧಿ ಕೊಡಬೇಕೆಂದು ಮಗುವಿನ ಮೂತ್ರ ಪರೀಕ್ಷಿಸಿ ನಾನು ಹೇಳಬೇಕಿತ್ತು.

"ಸಂಜೆಯೊಳಗೆ ಹೇಳಿಬಿಡಿ ಮೇಡಂ. ಅದಕ್ಕಿಂತ ಜಾಸ್ತಿ ಕಾಯೋಕಾಗಲ್ಲ," ಎಂದಿದ್ದರು ಡಾಕ್ಟರು.

ಯಂತ್ರದ ಕಂಪನಿಯವರು ಎರಡು ದಿನ ಬಿಟ್ಟು ಬರುತ್ತೇವೆ ಎಂದರು. ಅವರನ್ನು ಫೋನಿನಲ್ಲೇ ತರಾಟೆಗೆ ತೆಗೆದುಕೊಂಡು, ನಾನೇ ಆರ್ಗಾನ್ ಸಿಲಿಂಡರಿನ ನಳಿಗೆ ಹಿಡಿದೆ. ತೂತಿನ ಹತ್ತಿರ ಈ ಅನಿಲ ಬಿಟ್ಟರೆ ಅದು ಒಳಗೆ ನುಸುಳಿ ಪರದೆಯಲ್ಲಿ ಅದರ ಗೆರೆ ಜಿಗಿಯುತ್ತದೆ. ಮೇಲಿನ ಜೋಡಣೆಗೆ ಹಿಡಿದೆ, ಜಿಗಿಯಿತು. ಸಿಕ್ಕಿತೆಂದು ನಟ್ಟು ಬಿಗಿ ಮಾಡಿದೆ. ಪಕ್ಕದ್ದಕ್ಕೆ ಹಿಡಿದೆ, ಅಲ್ಲೂ ಜಿಗಿಯಿತು. ಹನ್ನೊಂದು ಗಂಟೆಗೆ ಇದ್ದಬದ್ದ ನಟ್ಟುಗಳನ್ನೆಲ್ಲ ಬಿಗಿ ಮಾಡಿ ಮುಗಿಸಿದ್ದೆ. ಸೋರಿಕೆ ಮಾತ್ರ ಹಾಗೇ ಇತ್ತು.

ಕೊನೆಗೆ ಭಾವನನ್ನು ಕರೆದೆ. ಅಕ್ಕನ ಗಂಡ, ಇದೇ ಆಸ್ಪತ್ರೆಯ ಫ್ರಿಜ್ಜು, ಏಸಿಗಳ ಮೆಕ್ಯಾನಿಕ್ಕು. ನನ್ನ ಯಂತ್ರದ ಹತ್ತಿರಕ್ಕೂ ಅವರನ್ನು ಯಾವತ್ತೂ ಬಿಟ್ಟವಳಲ್ಲ.

"ಏನಮ್ಮ ನಾದಿನಿ, ನೀನು ನನ್ನ ಕರೆದೆ ಅಂದ್ರೆ ಇವತ್ತು ಮಳೆ ಗ್ಯಾರಂಟಿ!"

"ಭಾವ, ತಮಾಷೆಗೆ ಹೊತ್ತಿಲ್ಲ. ಒಂದು ಮಗು ಕಾಯ್ತಿದೆ."

ಅವರ ನಗು ನಿಂತಿತು. ನಾನು ಮಾಡಿದ್ದನ್ನೆಲ್ಲ ಕೇಳಿಸಿಕೊಂಡು, "ಈ ಗ್ಯಾಸು ಗಾಳಿಗಿಂತ ಭಾರಾನೋ ಹಗುರಾನೋ?" ಎಂದರು.

"ಭಾರ."

"ಮತ್ತೆ ಮೇಲಿಂದ ಯಾಕೆ ಶುರು ಮಾಡ್ದೆ? ನೀನು ಬಿಟ್ಟಿದ್ದೆಲ್ಲ ಕೆಳಗಿಳಿದು, ತೂತು ಹುಡುಕಿಕೊಂಡು ಒಳಗೆ ಹೋಗಿದೆ. ಪಾಪ, ನಟ್ಟಿನ ಕತ್ತು ಹಿಸುಕಿದ್ದೀಯ."

ಹಳೆಯ ಯಂತ್ರಕ್ಕೆ ನಾವು ಹಿಡಿಯುತ್ತಿದ್ದದ್ದು ಹೀಲಿಯಂ. ಅದು ಹಗುರ, ಮೇಲೇರುತ್ತದೆ; ಆದ್ದರಿಂದ ಮೇಲಿನಿಂದಲೇ ಹುಡುಕಬೇಕು. ಅನಿಲ ಬದಲಾಗಿತ್ತು, ನನ್ನ ಇಪ್ಪತ್ತು ವರ್ಷದ ರೂಢಿ ಬದಲಾಗಿರಲಿಲ್ಲ.

ಭಾವ ಮಂಡಿಯೂರಿ ತೀರಾ ತಳದಿಂದ ಶುರು ಮಾಡಿದರು. ಚೂರೇ ಚೂರು ಬಿಟ್ಟು, ಕಾದು, ಮೇಲೇರಿದರು. ಯಂತ್ರದ ಬಾಗಿಲಿನ ಕೆಳಮೂಲೆಗೆ ಬಂದಾಗ ಗೆರೆ ಪರದೆಯ ನೆತ್ತಿ ಮುಟ್ಟಿತು.

ಪಂಪು ನಿಲ್ಲಿಸಿ ಬಾಗಿಲು ತೆರೆದೆವು. ಗಾಳಿ ಒಳಬರದಂತೆ ತಡೆಯುವ ಅಂಚಿನ ರಬ್ಬರ್ ಬಳೆಯ ಮೇಲೆ ಅಡ್ಡವಾಗಿ ಒಂದು ಕೂದಲು. ಬುಡ ಬಿಳಿ, ತುದಿ ಕಪ್ಪು. ಈ ಕೋಣೆಯಲ್ಲಿ ತಲೆಗೆ ಬಣ್ಣ ಹಚ್ಚುವವಳು ನಾನೊಬ್ಬಳೇ. ನಿನ್ನೆ ಒಳಭಾಗ ಒರೆಸಿ ಬಾಗಿಲು ಹಾಕುವಾಗ ಸೆಕೆಯೆಂದು ಕೂದಲು ಮುಚ್ಚುವ ಟೋಪಿ ತೆಗೆದಿದ್ದೆ. ಟೋಪಿ ಹಾಕದವರ ನೀರಿಳಿಸುತ್ತ ಬಂದವಳಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

"ಯಾರದ್ದೋ ಇರಬೇಕು ಬಿಡು," ಎಂದರು ಭಾವ, ನನ್ನ ತಲೆಯ ಕಡೆ ನೋಡದೆ.

ಅದನ್ನು ಚಿಮುಟದಲ್ಲಿ ಬೆಳಕಿಗೆ ಹಿಡಿದೆ. ಈ ಎಳೆಯ ಪಕ್ಕದ ಸಂದಿಯಿಂದ ಇಡೀ ಆಕಾಶದ ಗಾಳಿ ಒಳಕ್ಕೆ ಒತ್ತುತ್ತಿತ್ತು. ಅಷ್ಟು ಭಾರದ ಅಡಿಯಲ್ಲಿ ನಾವು ಓಡಾಡುತ್ತೇವೆ, ಜಗಳವಾಡುತ್ತೇವೆ, ಗೊತ್ತೇ ಆಗುವುದಿಲ್ಲ.

ಮತ್ತೆ ಬಾಗಿಲು ಹಾಕಿ ಪಂಪು ಓಡಿಸಿದೆವು. ಎರಡು ಗಂಟೆಯಲ್ಲಿ ಗಾಳಿಯ ಗೆರೆಗಳು ಕುಗ್ಗಿ ನೆಲ ಕಚ್ಚಿದವು.

"ಒಳಗೀಗ ಏನಿದೆ?" ಭಾವ ಮೆಲ್ಲಗೆ ಕೇಳಿದರು.

"ಹೆಚ್ಚುಕಮ್ಮಿ ಏನೂ ಇಲ್ಲ."

"ಏನೂ ಇಲ್ಲದ ಹಾಗೆ ಮಾಡೋಕೆ ಇಷ್ಟೆಲ್ಲ ಬೇಕಾ!" ಎಂದರು ಅವರು, ಪರದೆಯಿಂದ ಕಣ್ಣು ಕೀಳದೆ.

ನಾಲ್ಕು ಗಂಟೆಗೆ ಮಗುವಿನ ಮೂತ್ರದ ಮಾದರಿಯನ್ನು ಒಂದು ಹನಿಗಿಂತ ಕಡಿಮೆ ಅಳತೆಯಲ್ಲಿ ಒಳಗೆ ಬಿಟ್ಟೆ. ಆ ಖಾಲಿಯಲ್ಲಿ, ಇರಬಾರದ ಜಾಗದಲ್ಲಿ, ಒಂದು ಗೆರೆ ಎದ್ದು ನಿಂತಿತು. ಹಾಲನ್ನು ವಿಷ ಮಾಡುತ್ತಿದ್ದ ರೋಗದ ಗುರುತು ಅದು; ಆ ರೋಗಕ್ಕೆ ಔಷಧಿ ಇತ್ತು. ಫೋನು ಎತ್ತಿ ಡಾಕ್ಟರಿಗೆ ಅದರ ಹೆಸರು ಹೇಳಿದೆ.

ಮೂರನೇ ದಿನ ಡಾಕ್ಟರ ಫೋನು ಬಂತು. ಅವರು ಫೋನನ್ನು ಮಗುವಿನ ಹತ್ತಿರ ಹಿಡಿದರು. ಮಗು ಹಸಿವಿಗೆ ಕಿರುಚುತ್ತಿತ್ತು. ನಾನು ಹೊರಗಟ್ಟಲು ಹೆಣಗಿದ ಅದೇ ಗಾಳಿಯನ್ನು ಎದೆ ತುಂಬ ಎಳೆದುಕೊಂಡು ಮತ್ತೆ ಮತ್ತೆ ಕಿರುಚುತ್ತಿತ್ತು. ಭಾವನಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.