ಬೇರೆ ಗ್ರಹದ ಜಕ್ಕೂರು ಕನ್ನಡ

ಬೇರೆ ಗ್ರಹದವರು ಜಕ್ಕೂರು ಕನ್ನಡ ಆಡುತ್ತಾರೆಯೇ? ಆಡುವುದಿಲ್ಲ. ನಯನಾಳ ಬಾಯಿ ತಪ್ಪಿ ಒಮ್ಮೆ ಆಡಿಸಿಬಿಟ್ಟಿತು, ಅಷ್ಟೇ.

ಆರ್.ಟಿ. ನಗರದ ಪುಟ್ಟ ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳು ವಿದೇಶಿ ಧಾರಾವಾಹಿಯೊಂದರ ಇಯಾ ಎಂಬ ಪಾತ್ರಕ್ಕೆ ದನಿ ಕೊಡುತ್ತಿದ್ದಳು. ಇಯಾಳ ಗ್ರಹದಲ್ಲಿ ಗಂಡು ಹೆಣ್ಣು ಎಂಬುದೇ ಇಲ್ಲ. 'ನಾನು ಹೆಣ್ಣು' ಎಂದರೆ ಗಡೀಪಾರು. ಭೂಮಿಯಿಂದ ಬಂದ ಪೈಲಟ್ ಮೇಲೆ ಮನಸ್ಸಿಟ್ಟರಂತೂ ಕೇಳಲೇಬೇಡಿ. ಇಯಾ ಎರಡನ್ನೂ ಮಾಡಿದ್ದಳು.

ನಯನಾಳೂ ಕಡಿಮೆಯವಳಲ್ಲ. ಯಲಹಂಕದಲ್ಲಿ ಬೈಕ್ ರಿಪೇರಿ ಮಾಡುವ ಮುರುಗೇಶ ಅವಳ ಜೀವ. ಅದಕ್ಕೂ ಮೊದಲು, ಗಂಡುಮಗನೆಂದು ಬೆಳೆಸಿದ ಜಕ್ಕೂರಿನ ಮನೆಯಲ್ಲಿ ಸೀರೆಯುಟ್ಟು 'ನಾನು ನಯನಾ' ಎಂದು ನಿಂತಿದ್ದಳು. ಅಪ್ಪ ಚಿಕ್ಕಬೈರಪ್ಪ ಗೋಡೆ ನೋಡಿಕೊಂಡು, "ಅದು ಇನ್ಮೇಲೆ ಈ ಮನೆ ಒಸ್ಲು ತುಳೀಕೂಡ್ದು" ಎಂದಿದ್ದ. ಅದು! ಹೆಸರಿಲ್ಲ, ಸಂಬಂಧವಿಲ್ಲ, ಬೀದಿಯ ಕಲ್ಲಿಗೆ ಹೇಳಿದ ಹಾಗೆ. ನಾಲ್ಕು ವರ್ಷವಾದರೂ ಆ ಉರಿ ಆರಿರಲಿಲ್ಲ. ಆದರೂ ಮನೆಗೆ ಹೋಗುವ ಆಸೆ ಸತ್ತಿರಲಿಲ್ಲ.

ಗಡೀಪಾರಿನ ದೃಶ್ಯದಲ್ಲಿ ಇಯಾ ನ್ಯಾಯಾಧೀಶರಿಗೆ 'ನನಗೆ ಭಯವಿಲ್ಲ' ಎನ್ನಬೇಕಿತ್ತು. ನಯನಾಳ ಬಾಯಿಂದ ಅಜ್ಜಿ ಪಟಾಲಮ್ಮನ ಮಾತು ಹಾರಿತು: "ಬುಡತ್ಲಾಗೆ!"

ಡಬ್ಬಿಂಗ್ ಮಾಡಿಸುತ್ತಿದ್ದ ಭೀಮರಾಜ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಇರ್ಲಿ ಬಿಡ್ರೀ, ಸಕ್ಕತ್ತಾಗಿದೆ."

ಅದು ಟಿವಿಯಲ್ಲಿ ಬಂದ ಮರುದಿನ ಬೆಳಿಗ್ಗೆ ಅಪ್ಪನ ನಂಬರಿನಿಂದ ಫೋನು. ಎತ್ತಿದರೆ, ಅಜ್ಜಿ!

"ಆ ಆಕಾಸದ ಎಣ್ಣು ನೀನೇ ತಾನೆ? ನನ್ ಮಾತು ನಂಗೆ ಗೊತ್ತಾಗಕ್ಕಿಲ್ವಾ?"

"ಹೂಂ ಅಜ್ಜಿ." ನಯನಾಳಿಗೆ ಅಳು ತಡೆಯಲಾಗಲಿಲ್ಲ.

"ಆ ವಿಮಾನ ಓಡ್ಸೋನು ಕೈ ಬಿಡಲ್ಲ ತಾನೆ?"

"ಬಿಡಲ್ಲ."

"ನಿಂಗೂ ಯಾರಾದ್ರೂ ಅವ್ನಾ?"

ಅಜ್ಜಿಯ ಹತ್ತಿರ ಮುಚ್ಚಿಟ್ಟು ಏನು ಸುಖ? "ಇದಾನೆ. ಮುರುಗೇಶ ಅಂತ."

"ಕರ್ಕೊಂಡ್ ಬಾ. ಇವತ್ತೇ."

"ಅಪ್ಪ?"

ಅಜ್ಜಿ ಫೋನು ಕೈಯಲ್ಲಿಟ್ಟುಕೊಂಡೇ ಅಂಗಳದ ಕಡೆ ಕೂಗಿದಳು. "ಏ ಬೈರಾ! ನಮ್ ನಯನ ಬತ್ತದೆ ಕಣೋ!"

ಬತ್ತದೆ. ಜಕ್ಕೂರಿನ ಹಳೆಯ ಮನೆಗಳಲ್ಲಿ ಗಂಡಸಾದರೆ 'ಬತ್ತಾನೆ', ಹೆಂಗಸಾದರೆ 'ಬತ್ತದೆ'. ಅಮ್ಮ ಬತ್ತದೆ, ಅಕ್ಕ ಬತ್ತದೆ, ಅತ್ತಿಗೆ ಬತ್ತದೆ. ಮನೆಯ ಹೆಣ್ಣುಮಕ್ಕಳಿಗೆಲ್ಲ ಅದೇ ಮಾತು. ನಯನಾ ಅದನ್ನು ಮರೆತೇಬಿಟ್ಟಿದ್ದಳು. ಅಪ್ಪನಿಗೂ ಈ ರೂಢಿ ಗೊತ್ತಿಲ್ಲದ್ದೇನಲ್ಲ.

ಅಂಗಳದಿಂದ ಅಪ್ಪನ ದನಿ ಕೇಳಿಸಿತು:

"ಎಷ್ಟೊತ್ಗೆ ಬತ್ತದಂತೆ?"