ಲೂರ್ದಿಯ ಮುಡಿ

ಗಾದಿಗನೂರಿನ ಕರೆಮ್ಮನಿಗೆ ಎರಡು ಹೆಸರು. ಕಂಪ್ಲಿಯ ತವರಿನಲ್ಲಿ ಇಟ್ಟದ್ದು ಕರೆಮ್ಮ. ಕಥೋಲಿಕ ಮನೆಯ ಸೊಸೆಯಾಗುವ ಮುಂಚೆ ಜ್ಞಾನಸ್ನಾನ ಕೊಟ್ಟ ಗುರುಗಳು, ಕರೆಯುವವರ ನಾಲಿಗೆಗೆ ತೊಡಕಾಗದಿರಲಿ ಎಂದು, ಅದಕ್ಕೆ ಹತ್ತಿರವಾದ ಕ್ಲಾರಮ್ಮ ಎಂಬ ಹೆಸರು ಕೊಟ್ಟರು. ಅಂದಿನಿಂದ ಚರ್ಚಿನಲ್ಲಿ ಕ್ಲಾರಮ್ಮ, ಹೊಲದಲ್ಲಿ ಕರೆಮ್ಮ. ಕರೆದರೆ ಎರಡಕ್ಕೂ ಓ ಎನ್ನುತ್ತಿದ್ದಳು. ಅದರಿಂದ ಅವಳಿಗೆ ಯಾವತ್ತೂ ಗೊಂದಲ ಆಗಿರಲಿಲ್ಲ.

ಗೊಂದಲ ಶುರುವಾದದ್ದು ಮೊಮ್ಮಗಳು ಲೂರ್ದಿಗೆ ಡೆಂಗಿ ಜ್ವರ ಬಂದಾಗ.

ಮಳೆಗಾಲ ಮುಗಿದು ಕಾಲುವೆಯ ನೀರು ಅಲ್ಲಲ್ಲಿ ನಿಂತ ಹೊತ್ತು. ಇನ್ನೂ ಶಾಲೆಗೆ ಸೇರದ ಕೂಸು. ಹೊಸಪೇಟೆಯ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಣ್ಣು ತೆರೆಯುವುದೇ ಕಷ್ಟವಾಗಿತ್ತು. ಮಗ ಶೌರಿ ಸಂಡೂರಿನಲ್ಲಿ ಅದಿರಿನ ಟಿಪ್ಪರ್ ಓಡಿಸುವವನು, ಗಾಡಿ ಬಿಟ್ಟು ಓಡಿ ಬಂದು ರಕ್ತಕ್ಕಾಗಿ ಅಲೆಯುತ್ತಿದ್ದ. ಸೊಸೆ ಸುಧಾರಾಣಿ ಒಳಗೆ ಮಗಳ ಮಂಚದ ಪಕ್ಕದಲ್ಲಿದ್ದಳು. ಹೊರಗಿನ ಬೆಂಚಿನ ಮೇಲೆ ಕರೆಮ್ಮ ಜಪಸರ ಹಿಡಿದು ಕೂತಿದ್ದಳು. ಬಾಯಿ ನಮೋ ಮರಿಯಾ ಅನ್ನುತ್ತಿತ್ತು, ಕಣ್ಣು ಮಾತ್ರ ವಾರ್ಡಿನ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ.

ಸುದ್ದಿ ಕೇಳಿ ಕಂಪ್ಲಿಯಿಂದ ಅಕ್ಕ ಸುಂಕಲಮ್ಮ ಬಂದಳು. ತಂಗಿಯ ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ಆ ಸರದ ಮಣಿಗಳು ಸರಿಯುವುದನ್ನು ನೋಡಿದಳು.

"ಕರೆವ್ವ, ನಿಮ್ಮವ್ವಗ ನೀ ಕೇಳು. ನಮ್ಮವ್ವಗ ನಾ ಕೇಳ್ತೀನಿ. ಕೂಸು ಉಳದ್ರ ಹುಲಿಗೆಮ್ಮಗ ಅದರ ಮುಡಿ ಕೊಡಸ್ತೀನಿ ಅಂತ ಹರಕಿ ಹೊತ್ಕೊಳ್ಳಲೇನು?"

ಕರೆಮ್ಮ ಅಕ್ಕನ ಮುಖ ನೋಡಿದಳು. ಇಷ್ಟು ವರ್ಷ ಇಂಥದ್ದಕ್ಕೆ ಬ್ಯಾಡ ಎಂದೇ ಹೇಳಿ ರೂಢಿ. ಅಷ್ಟರಲ್ಲಿ ಒಳಗಿನಿಂದ ನರ್ಸ್ ಒಬ್ಬಳು ಓಡುತ್ತ ಹೋದಳು.

"ಹೂಂ ಅಕ್ಕ. ಹೊತ್ಕೋ," ಎಂದುಬಿಟ್ಟಳು ಕರೆಮ್ಮ.

ಲೂರ್ದಿ ಉಳಿಯಿತು. ಮನೆಗೆ ಬಂದ ಮೇಲೆ ಗಂಜಿ ಬ್ಯಾಡ, ಮಂಡಕ್ಕಿ ಬೇಕು ಎಂದು ಹಟ ಹಿಡಿದು ಎಲ್ಲರ ಜೀವಕ್ಕೆ ತಂಪು ಮಾಡಿತು. ಡಾಕ್ಟರರು ಸರಿಯಾದ ಹೊತ್ತಿಗೆ ತಂದಿರಿ ಎಂದರು. ಊರಿನ ಚರ್ಚಿನಲ್ಲಿ ಕೂಸಿಗಾಗಿ ವಿಶೇಷ ಪ್ರಾರ್ಥನೆ ಮಾಡಿದ್ದವರು ಮಾತೆ ಮರಿಯಮ್ಮ ಕಾಪಾಡಿದಳು ಎಂದರು. ಕರೆಮ್ಮ ಯಾರು ಏನಂದರೂ ಕೈ ಮುಗಿದಳು.

ಆಗಮನ ಕಾಲ ಬಂತು. ಕ್ರಿಸ್ಮಸ್ ಹಬ್ಬಕ್ಕೆ ಮುಂಚಿನ ಈ ನಾಲ್ಕು ಭಾನುವಾರ ಪೀಠಕ್ಕೆ ನೇರಳೆ ಬಟ್ಟೆ. ಊರಿನವರಿಗೆ ಪ್ರಾರ್ಥನೆ ಕಲಿಸುವ ಉಪದೇಶಿ ಜೋಜಪ್ಪ ಬೆತ್ತದ ಚಕ್ರಕ್ಕೆ ಸರ್ವೆ ಸೊಪ್ಪು ಸುತ್ತಿ ವಾರಕ್ಕೊಂದು ಹಚ್ಚಲು ನಾಲ್ಕು ಮೇಣದಬತ್ತಿ ನೆಟ್ಟ. ಮೂರು ನೇರಳೆ, ಒಂದು ಗುಲಾಬಿ. ಗುಲಾಬಿಯದು ಹೊಸಪೇಟೆಯಲ್ಲಿ ಎಲ್ಲೂ ಸಿಗದೆ, ಬಿಳಿ ಬತ್ತಿಗೇ ಬಣ್ಣದ ಕಾಗದ ಸುತ್ತಿದ್ದ. ಪ್ರತಿ ಭಾನುವಾರ ಬೈಕಿನ ಮೇಲೆ ಬಂದು ರೊಟ್ಟಿ ದ್ರಾಕ್ಷಾರಸದ ಬಲಿಪೂಜೆ ಅರ್ಪಿಸುತ್ತಿದ್ದ ಫಾದರ್ ಅಲ್ವಿನ್ ಕರಾವಳಿಯ ಕಡೆಯ ಯುವಕರು. ಕ್ರಿಸ್ಮಸ್ ದೃಶ್ಯದಲ್ಲಿ ಕುರುಬರಿಗೆ ಸಿಹಿಸುದ್ದಿ ತರುವ ದೇವದೂತನ ಪಾತ್ರ ಲೂರ್ದಿಗೇ ಎಂದು ಅವರು ಮೊದಲ ಭಾನುವಾರವೇ ಹೇಳಿದರು.

ಎರಡನೆಯ ಭಾನುವಾರದ ಮರುದಿನ ಸುಂಕಲಮ್ಮನ ಫೋನ್ ಬಂತು.

"ಶುಕ್ರವಾರ ಹುಲಿಗಿಗೆ ಹೋಗೂಣ. ಕೂಸಿನ ಕರ್ಕೊಂಡು ಬಾ."

"ಅಕ್ಕ, ಹಬ್ಬ ಆಗ್ಲಿ. ಈಗ ನಮಗ ಆಗಮನ ಕಾಲ."

"ಆಕಿ ತಡ ಮಾಡಿದ್ಲೇನು ಕೂಸಿನ ಉಳಸಾಕ? ನೀ ಹೂಂ ಅಂದೀ ಅಂತ ನಾ ಮಾತು ಕೊಟ್ಟೀನಿ ಕರೆವ್ವ. ಮತ್ತ ಜ್ವರ ಗಿರ ಬಂದ್ರ ನನ್ನ ಕೇಳಬ್ಯಾಡ."

ಕರೆಮ್ಮ ಫೋನ್ ಇಟ್ಟು ಅಡುಗೆಮನೆಗೆ ಹೋದಳು. ಸೊಸೆಗೆ ಹೇಳಿದಳು. ಸುಧಾರಾಣಿ ಬಳ್ಳಾರಿಯ ಹಳೆಯ ಕಥೋಲಿಕ ಮನೆತನದ ಹುಡುಗಿ, ಸಿಸ್ಟರುಗಳ ಹಾಸ್ಟೆಲಿನಲ್ಲಿ ಓದಿದವಳು. ಇವಳು ಖಂಡಿತ ಬ್ಯಾಡ ಅಂತಾಳೆ, ಆಗ ಆ ನೆಪ ಅಕ್ಕನಿಗೆ ಹೇಳಬಹುದು ಎಂದು ಕರೆಮ್ಮ ಒಳಗೊಳಗೇ ಕಾದಿದ್ದಳು. ಸುಧಾರಾಣಿ ಬಹಳ ಹೊತ್ತು ಅಕ್ಕಿ ಆರಿಸುತ್ತಲೇ ಇದ್ದಳು. ಕೊನೆಗೆ, "ಕೂದ್ಲ ಮತ್ತ ಬೆಳಿತಾವ ಅತ್ತಿ," ಎಂದು ಎದ್ದು ಹೋಗಿ ಕೂಸಿನ ಸ್ವೆಟರು ಚೀಲಕ್ಕೆ ಹಾಕಿದಳು.

ಹೀಗೆ ಶುಕ್ರವಾರ ಮೂವರು ಹೆಂಗಸರು ಕೂಸನ್ನು ಕರೆದುಕೊಂಡು ಹುಲಿಗೆಮ್ಮನ ಗುಡಿಯಿರುವ ಹುಲಿಗಿಗೆ ಹೋದರು. ಲೂರ್ದಿ ಕ್ಷೌರದವನ ಮುಂದೆ ಅಳಲಿಲ್ಲ, ಕಚಗುಳಿಯಾಗಿ ನಕ್ಕಿತು. ಬೋಳು ತಲೆಗೆ ಗಂಧ ಹಚ್ಚಿಸಿಕೊಂಡು ಹೊಳೆಯ ದಂಡೆಯಲ್ಲಿ ಓಡಾಡಿತು. ಸುಂಕಲಮ್ಮ ದೇವಿಯ ಮುಂದೆ ಕಣ್ಣೀರು ಹಾಕಿದಳು. ಅವಳ ಪಕ್ಕದಲ್ಲಿ ನಿಂತ ಕರೆಮ್ಮ, ಕೈ ಮುಗಿಯಬೇಕೋ ಬೇಡವೋ ತಿಳಿಯದೆ, ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಯಾರಾದರೂ ನೋಡಿದರೆ ಮುಗಿದಂತೆಯೂ ಕಾಣಬೇಕು, ಮುಗಿಯದಂತೆಯೂ ಕಾಣಬೇಕು. ಕೂಸು ಉಳಿದದ್ದಕ್ಕೆ ಥ್ಯಾಂಕ್ಸ್ ಹೇಳುವುದಾದರೆ ಯಾರಿಗೆ ಹೇಳಲಿ ಎಂಬುದು ಅಲ್ಲಿಯೂ ಅವಳಿಗೆ ಬಗೆಹರಿಯಲಿಲ್ಲ.

ಮುಂದಿನ ಭಾನುವಾರ ಆಗಮನ ಕಾಲದ ಮೂರನೆಯದು. ಅಂದು ಗುಲಾಬಿ ಬತ್ತಿ ಹಚ್ಚುವ ದಿನ, ಹರ್ಷಪಡಿರಿ ಎಂದು ಹಾಡುವ ದಿನ. ಚಳಿ ಇದ್ದುದು ಕರೆಮ್ಮನಿಗೆ ಅನುಕೂಲವೇ ಆಯಿತು. ಲೂರ್ದಿಗೆ ಕಿವಿ ಮುಚ್ಚುವ ಉಲ್ಲನ್ ಟೊಪ್ಪಿಗೆ ಹಾಕಿ, ಗದ್ದದ ಕೆಳಗೆ ಗುಂಡಿ ಬಿಗಿದು, ಹಿಂದಿನ ಸಾಲಿನಲ್ಲಿ ಕೂತಳು.

ಫಾದರ್ ಪ್ರಸಂಗದಲ್ಲಿ ಸೆರೆಮನೆಯಲ್ಲಿದ್ದ ಸ್ನಾನಿಕ ಯೊವಾನ್ನರ ಮಾತು ತೆಗೆದರು. ಬರುವಾತನಿಗಾಗಿ ದಾರಿ ಸಿದ್ಧ ಮಾಡಿದ ಮನುಷ್ಯನಿಗೇ ಕತ್ತಲೆಕೋಣೆಯಲ್ಲಿ ಅನುಮಾನ ಬಂತು, ಬರಬೇಕಾದವರು ನೀವೇನಾ ಎಂದು ಶಿಷ್ಯರನ್ನು ಕಳಿಸಿ ಯೇಸುವನ್ನೇ ಕೇಳಿಸಿದರು ಎಂದರು. ಕರೆಮ್ಮ ಮುಂದಕ್ಕೆ ಬಾಗಿ ಕೇಳಿದಳು. ಅಂಥವರಿಗೂ ಹಾಗಾಯಿತೇ ಎಂದುಕೊಂಡಳು. ಆದರೆ ಯೊವಾನ್ನರು ಸೆರೆಮನೆಯಲ್ಲಿದ್ದರು, ನಾನು ಬಸ್ಸು ಹತ್ತಿಕೊಂಡು ಹುಲಿಗಿಗೆ ಹೋಗಿದ್ದೆನಲ್ಲ?

ಅಷ್ಟರಲ್ಲಿ ಫಾದರ್ ನಗುತ್ತ, "ಈ ದಿನದ ಬತ್ತಿಯನ್ನು ನಮ್ಮ ಲೂರ್ದಿ ಹಚ್ಚಲಿ. ಅವಳಿಗಾಗಿ ನಾವೆಲ್ಲ ಪ್ರಾರ್ಥಿಸಿದ್ದೆವು," ಎಂದರು.

ಸುಧಾರಾಣಿ ಮಗಳನ್ನು ತಡೆಯುವಷ್ಟರಲ್ಲಿ ಅದು ಓಡಿತ್ತು. ಚರ್ಚಿನೊಳಗೆ ಟೊಪ್ಪಿಗೆ ಹಾಕಬಾರದು ಎಂದು ಜೋಜಪ್ಪ ಗಂಡುಮಕ್ಕಳಿಗೆ ಯಾವಾಗಲೂ ಗದರುವುದನ್ನು ಕೇಳಿದ್ದ ಲೂರ್ದಿ, ಪೀಠದ ಹತ್ತಿರ ಹೋಗುತ್ತಲೇ ಟೊಪ್ಪಿಗೆ ಕಿತ್ತು ಕೈಯಲ್ಲಿ ಹಿಡಿದುಕೊಂಡಿತು. ನುಣ್ಣನೆಯ ತಲೆಯ ಮೇಲೆ ಗಂಧದ ಬಣ್ಣ ಇನ್ನೂ ಪೂರಾ ಹೋಗಿರಲಿಲ್ಲ.

ಹೆಂಗಸರ ಸಾಲಿನಲ್ಲಿ ಪಿಸುಗುಟ್ಟುವುದು ಶುರುವಾಯಿತು. ಜೋಜಪ್ಪ ತಿರುಗಿ ಕರೆಮ್ಮನನ್ನೇ ನೋಡಿದ. ಫಾದರ್ ಮಾತ್ರ ಆ ತಲೆಯ ಮೇಲೆ ಮೆತ್ತಗೆ ಕೈಯಿಟ್ಟರು.

"ನೋಡಿ, ಜ್ವರದಲ್ಲಿ ಈ ಮಗುವಿನ ಕೂದಲೂ ಹೋಯಿತು. ಆದರೂ ಹೇಗೆ ನಗ್ತಾ ಇದೆ! ಇದಕ್ಕಿಂತ ದೊಡ್ಡ ಹರ್ಷ ಯಾವುದು?"

ಎಲ್ಲರೂ ಚಪ್ಪಾಳೆ ತಟ್ಟಿದರು. ನಿಜ ಗೊತ್ತಿದ್ದವರೂ ತಟ್ಟಿದರು. ಕರೆಮ್ಮನಿಗೆ ಎದ್ದು ಹೇಳಬೇಕು ಅನ್ನಿಸಿತು, ಏಳಲಿಲ್ಲ. ಆ ದಿನ ಅವಳು ಪರಮಪ್ರಸಾದಕ್ಕೆ ಹೋಗಲಿಲ್ಲ. ಎಲ್ಲರೂ ಸಾಲಾಗಿ ಮುಂದೆ ಹೋದಾಗ ತಲೆ ತಗ್ಗಿಸಿ ಕೂತಳು. ಅದನ್ನೂ ಜನ ನೋಡಿದರು.

ಹಬ್ಬಕ್ಕೆ ಮುಂಚಿನ ಪಾಪನಿವೇದನೆಗೆ ಫಾದರ್ ವಾರದ ನಡುವೆ ಊರಿಗೆ ಬಂದರು. ಪೀಠದ ಪಕ್ಕದಲ್ಲಿ ಮರದ ತಡಿಕೆ, ಆಚೆಗೆ ಅವರು, ಈಚೆಗೆ ಮೊಣಕಾಲೂರಲು ಒಂದು ಮಣೆ. ಕರೆಮ್ಮ ಎಲ್ಲರನ್ನೂ ಮುಂದೆ ಬಿಟ್ಟು ಕೊನೆಯಲ್ಲಿ ಹೋದಳು. ಹರಕೆ, ಹುಲಿಗಿ, ಮುಡಿ, ಭಾನುವಾರ ಬಾಯಿ ಮುಚ್ಚಿ ಕೂತದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

ಫಾದರ್ ತಡಿಕೆಯ ಹತ್ತಿರಕ್ಕೆ ಬಾಗಿದರು.

"ಇದಕ್ಕೆಲ್ಲ ನಿಮಗೆ ಪಶ್ಚಾತ್ತಾಪ ಇದೆಯೇ ಅಮ್ಮ?"

"ನಿಮ್ಮ ಮಾತು ಸುಳ್ಳಾಗಾಕ ಬಿಟ್ಟು ಸುಮ್ಮನ ಕುಂತ್ನೆಲ್ಲ, ಅದಕ್ಕ ಐತಿ ಸ್ವಾಮಿ."

"ಹರಕೆಗೆ?"

"ಅದಾ ನನಗ ತಿಳೀವಲ್ದು. ಕೂಸು ಉಳೀತು. ಹೂಂ ಅಂದದ್ದು ತಪ್ಪು ಅಂತ ಹೆಂಗ ಅನ್ಲಿ? ಹಂಗ ಅಂದ್ರ ಆ ಬಾಯಿ ನಂದಾಗಿರಂಗಿಲ್ಲ."

"ದೇವರ ಮೇಲೆ ನಂಬಿಕೆ ಕಳೆದುಕೊಂಡು ಹಾಗೆ ಮಾಡಿದಿರಾ?"

"ಇಲ್ಲ ಸ್ವಾಮಿ. ಅಂಜಿಕಿ. ಅಂಜಿಕಿಗೆ ಮಾಡೀನಿ."

"ಹಾಗಾದರೆ ಆ ಅಂಜಿಕೆಗೆ ಪಶ್ಚಾತ್ತಾಪ ಪಡಬಹುದಲ್ಲ?"

"ಹೆಂಗ ಸ್ವಾಮಿ? ಅಂಜಿಕಿ ಇನ್ನೂ ಹೋಗಿಲ್ಲ."

ತಡಿಕೆಯ ಆಚೆ ಫಾದರ್ ಉಸಿರು ಬಿಟ್ಟದ್ದು ಕೇಳಿಸಿತು. ಅವರು ಸಿಟ್ಟಾದರೇನೋ ಎಂದು ಕರೆಮ್ಮ ಕಾದಳು. ಅವರು ಸಿಟ್ಟಾಗಿರಲಿಲ್ಲ. ಹೇಳಬೇಕಾದ ಮಾತುಗಳು ಅವರಿಗೆ ಗೊತ್ತಿದ್ದವು, ಈ ಹೆಂಗಸಿಗೆ ಅವು ಹೊಂದುತ್ತಿರಲಿಲ್ಲ.

"ಪಶ್ಚಾತ್ತಾಪ ಪಡಬೇಕು ಅನ್ನುವ ಆಸೆಯಾದರೂ ಇದೆಯೇ?" ಎಂದರು ಕೊನೆಗೆ.

"ಆಸಿ ಐತಿ. ಇಲ್ಲಾಂದ್ರ ಇಲ್ಲಿಗೆ ಯಾಕ ಬರ್ತಿದ್ದೆ?"

"ಅಷ್ಟನ್ನು ಹಿಡಿದುಕೊಂಡು ದೇವರ ಮುಂದೆ ನಿಲ್ಲಿ. ಪೂರ್ತಿ ಅರ್ಥ ನನಗೂ ಆಗಿದೆ ಅಂತ ನಾನು ಹೇಳಲಾರೆ," ಎಂದು ಕ್ಷಮಾಪಣೆಯ ಪ್ರಾರ್ಥನೆ ಹೇಳಿದರು. ಪ್ರಾಯಶ್ಚಿತ್ತಕ್ಕೆ ಅಕ್ಕನ ಹೆಸರಿನಲ್ಲಿ ಒಂದು ಜಪಸರ ಮಾಡಲು ಹೇಳಿದರು.

ಎದ್ದು ನಾಲ್ಕು ಹೆಜ್ಜೆ ಹೋದ ಮೇಲೆ ಕರೆಮ್ಮನಿಗೆ ಹೊಳೆಯಿತು. ಇಲ್ಲಿ ಕೇಳಿದ್ದನ್ನು ಫಾದರ್ ಯಾರ ಹತ್ತಿರವೂ ಆಡುವಂತಿಲ್ಲ. ಅಂದರೆ ಭಾನುವಾರ ಅವರ ಬಾಯಿಂದ ಹೊರಬಿದ್ದ ತಪ್ಪು ಮಾತನ್ನು ಅವರಾಗಿ ತಿದ್ದುವಂತಿಲ್ಲ. ತಾನು ಸುಮ್ಮನಿದ್ದರೆ ಆ ಒಳ್ಳೆಯ ಮನುಷ್ಯ ಗೊತ್ತಿದ್ದೂ ಸುಮ್ಮನಿರಬೇಕು.

ನಾಲ್ಕನೆಯ ಭಾನುವಾರ ಪೂಜೆಯ ಕೊನೆಗೆ ಜೋಜಪ್ಪ ಹಬ್ಬದ ಪ್ರಕಟಣೆಗಳನ್ನು ಓದಿ ಮುಗಿಸುತ್ತಲೇ ಕರೆಮ್ಮ ಎದ್ದು ನಿಂತಳು. ಸುಧಾರಾಣಿ ಅವಳ ಸೆರಗು ಹಿಡಿದಳು, ಆಮೇಲೆ ಬಿಟ್ಟಳು.

"ಒಂದು ಮಾತು ಹೇಳ್ಬೇಕ್ರಿ. ನಮ್ಮ ಕೂಸಿನ ಕೂದ್ಲ ಜ್ವರದಾಗ ಹೋಗಿಲ್ಲ. ನಮ್ಮಕ್ಕ ಹುಲಿಗೆಮ್ಮಗ ಹರಕಿ ಹೊತ್ತಿದ್ಲು, ನಾ ಹೂಂ ಅಂದಿದ್ದೆ. ಫಾದರಿಗೆ ಗೊತ್ತಿಲ್ದ ಹಂಗ ಅಂದ್ರು, ನಾ ಸುಮ್ಮನ ಕುಂತೆ. ಅದು ನನ್ನ ತಪ್ಪು."

ಹಿಂದಿನಿಂದ ಒಬ್ಬ ಮುದುಕಿ, "ನಮಗ ಅವತ್ತೇ ಗೊತ್ತಾಗಿತ್ತು ಬಿಡವ್ವ, ಕುಂದ್ರು," ಎಂದಳು. ಕೆಲವರು ನಕ್ಕರು, ಕೆಲವರು ನೆಲ ನೋಡಿದರು. ನೆಲ ನೋಡಿದವರಲ್ಲಿ ಇಬ್ಬರು ಮೂವರಿಗೆ ಹುಲಿಗಿಯ ದಾರಿ ಚೆನ್ನಾಗಿಯೇ ಗೊತ್ತಿತ್ತು.

ಜೋಜಪ್ಪ ನಗಲಿಲ್ಲ. "ಫಾದರ್, ದೇವದೂತನ ಪಾತ್ರ ಬ್ಯಾರೆ ಕೂಸಿಗೆ ಕೊಡೋದು ಚಲೋ. ನಾಳೆ ಮಂದಿ ಏನಂತಾರ?"

ಫಾದರ್ ಒಂದು ಕ್ಷಣ ಚಕ್ರದ ಮೇಲೆ ಉರಿಯುತ್ತಿದ್ದ ನಾಲ್ಕೂ ಬತ್ತಿಗಳನ್ನು ನೋಡುತ್ತ ನಿಂತರು. "ನಾನು ವಿಚಾರಿಸದೆ ಮಾತಾಡಿದ್ದೂ ತಪ್ಪೇ," ಎಂದರು. "ಪಾತ್ರ ಲೂರ್ದಿಗೆ ಕೊಟ್ಟಾಗಿದೆ. ಹರಕೆ ಹೊತ್ತದ್ದು ಅವಳಲ್ಲವಲ್ಲ." ಜೋಜಪ್ಪ ಮುಖ ಗಂಟು ಹಾಕಿಕೊಂಡು ಪುಸ್ತಕ ಮುಚ್ಚಿದ. ಹಬ್ಬದವರೆಗೆ ಅವನು ಕರೆಮ್ಮನ ಜೊತೆ ಮಾತಾಡಲಿಲ್ಲ.

ಎದೆ ಹಗುರಾಯಿತು ಅಂದುಕೊಂಡು ಕರೆಮ್ಮ ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಹೇಳಬಾರದಿತ್ತೇನೋ.

"ಏನಂದಿ? ತಪ್ಪಾತು ಅಂತ ಮಂದಿ ಮುಂದ ಹೇಳ್ದೇನು?" ಎಂದಳು ಸುಂಕಲಮ್ಮ. "ನಾ ನಿನ್ನ ಮೊಮ್ಮಗಳಿಗೆ ಕೇಡು ಬಯಸಿದ್ನೇನು? ಆ ಬೆಂಚಿನ ಮ್ಯಾಲ ನಾ ಎಷ್ಟು ಅತ್ತೀನಿ, ನಿನಗ್ಗೊತ್ತಿಲ್ಲೇನು?"

"ಹರಕಿ ತಪ್ಪು ಅನ್ಲಿಲ್ಲ ಅಕ್ಕ. ಸುಮ್ಮನ ಕುಂತದ್ದು ತಪ್ಪು ಅಂದೆ."

"ಹಂಗಾದ್ರ ಹರಕಿ ಸರಿ ಅಂದೇನು?"

ಸರಿ ಅಂದರೂ ಸುಳ್ಳು, ತಪ್ಪು ಅಂದರೂ ಸುಳ್ಳು. ಸುಂಕಲಮ್ಮ ಫೋನ್ ಇಟ್ಟಳು. ಅಂದು ಕರೆಮ್ಮ ಪ್ರಾಯಶ್ಚಿತ್ತದ ಜಪಸರ ಮಾಡಿದಳು. ಅಕ್ಕನಿಗಾಗಿ ಏನು ಬೇಡಬೇಕು ಎಂಬುದು ಗೊತ್ತಾಗದೆ, ಬರೀ ಅವಳ ಹೆಸರು ಹೇಳುತ್ತ ಮಣಿ ಸರಿಸಿದಳು.

ಹೊಸಪೇಟೆಯಲ್ಲಿ ರಾತ್ರಿ ಪೂಜೆ ಇದ್ದುದರಿಂದ ಕ್ರಿಸ್ಮಸ್ ಹಿಂದಿನ ದಿನದ ಪೂಜೆ ಗಾದಿಗನೂರಿನಲ್ಲಿ ಸಂಜೆಗೇ ಇತ್ತು. ಶೌರಿ ರಜೆ ಹಾಕಿ ಬಂದು ಚರ್ಚಿನಲ್ಲಿ ಬಾಲಯೇಸುವಿನ ಗೋದಲಿಗೆ ಹುಲ್ಲು ಹಾಸಿದ. ಹೊರಗಿನ ಜಗಲಿಯ ಮೇಲೆ ಬಿಳಿ ಅಂಗಿ ತೊಟ್ಟ ಲೂರ್ದಿಯ ತಲೆಗೆ ಸುಧಾರಾಣಿ ಜರಿಯ ಪಟ್ಟಿ ಕಟ್ಟಿದರೆ ಅದು ಜಾರಿ ಜಾರಿ ಕಣ್ಣಿನ ಮೇಲೆ ಬರುತ್ತಿತ್ತು. ಪಿನ್ನು ಸಿಕ್ಕಿಸಲು ಕೂದಲೇ ಇಲ್ಲ.

"ಬಿಡವ್ವ, ಹಂಗ ಕಟ್ಟಿದ್ರ ನಿಲ್ತೈತೇನು? ತಾ ಇಲ್ಲಿ."

ಕರೆಮ್ಮ ತಿರುಗಿ ನೋಡಿದಳು. ಮೆಟ್ಟಿಲ ಬಳಿ ಸುಂಕಲಮ್ಮ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಮುಖದಲ್ಲಿ ಸಿಟ್ಟು ಇನ್ನೂ ಹಾಗೇ ಇತ್ತು. ತಂಗಿಯ ಕಡೆ ನೋಡದೆ ಬಂದು ಕೂಸಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಪಟ್ಟಿಗೆ ಎರಡೂ ಕಡೆ ದಾರ ಪೋಣಿಸಿ, ಕಿವಿಯ ಹಿಂದಿನಿಂದ ತಂದು ಗದ್ದದ ಕೆಳಗೆ ಗಂಟು ಹಾಕಿದಳು.

"ಈಗ ಕುಣಿ ನೋಡೂಣ."

ಲೂರ್ದಿ ಕುಣಿಯಿತು. ಪಟ್ಟಿ ಅಲುಗಲಿಲ್ಲ.

"ಅಕ್ಕ, ಒಳಗ ಬಾ. ನನ್ನ ಬಾಜು ಕುಂದ್ರು," ಎಂದಳು ಕರೆಮ್ಮ.

"ಕೂಸಿನ ನೋಡಾಕ ಬಂದೀನಿ, ನಿನ್ನ ನೋಡಾಕಲ್ಲ," ಎಂದಳು ಸುಂಕಲಮ್ಮ. ಆದರೂ ಒಳಗೆ ಬಂದು ತಂಗಿಯ ಪಕ್ಕದಲ್ಲೇ ಕೂತಳು. ಗಂಟೆ ಮೊಳಗಿತು. ಎಲ್ಲರೂ ಎದ್ದಾಗ ಅವಳೂ ಎದ್ದಳು. ಎಲ್ಲರೂ ಮೊಣಕಾಲೂರಿದಾಗ ಏನು ಮಾಡಬೇಕು ಎಂದು ತಂಗಿಯ ಕಡೆ ನೋಡಿದಳು. ಕರೆಮ್ಮ ಮೊಣಕಾಲೂರಿದಲ್ಲಿಂದಲೇ ಅಕ್ಕನ ಕೈ ಹಿಡಿದುಕೊಂಡಳು.