ಬಿಸಿಲು ಕಾಣದ ಬಟ್ಟೆ

ಮಾಳಿಗೆಯ ಮೇಲೆ ಹರವಿದ್ದ ಹೆಸರುಕಾಯಿಯನ್ನು ಅನ್ನಪೂರ್ಣಾ ಕಾಲಿನಿಂದ ಸರಿಸುತ್ತ ಅರ್ಧದಷ್ಟು ಹೊರಳಿಸಿ ಮುಗಿಸಿದ್ದಳು. ಅಣೆಕಟ್ಟಿನ ಹಿನ್ನೀರಿನ ಕಡೆಯಿಂದ ಗಾಳಿ ಬರುತ್ತಿತ್ತು, ಆದರೆ ಅದರಲ್ಲಿ ತಂಪಿರಲಿಲ್ಲ. ಮೋಡಗಳು ತೆಳ್ಳಗಾಗಿ ಎತ್ತರದಲ್ಲಿ ಓಡುತ್ತಿದ್ದವು. ಪಕ್ಕದ ಮಾಳಿಗೆಯಿಂದ ಕೆಂಚವ್ವ ಕೂಗಿದಳು.

"ಅನ್ನಪೂರ್ಣಾ, ನಾವೂ ಹರವೂಣೇನವಾ?"

"ಹರವ್ರಿ ಕಾಕು. ಸಂಜಿತನಾ ಹನಿ ಬೀಳಂಗಿಲ್ಲ."

"ಬಿತ್ತಂದ್ರ ನಿಮ್ಮ ಹೆಸರಕಾಳು ನಮ್ಮ ಮನಿಗಿ ನೋಡು!"

"ಮೊದಲ ಹರವ್ರಿ, ಆಮ್ಯಾಲ ಜಗಳಾ ತಗೀರಿ."

ಮಳೆಗಾಲದಲ್ಲಿ ಏನನ್ನು ಒಣಹಾಕಬೇಕೆಂದರೂ ಅನ್ನಪೂರ್ಣಾಳನ್ನು ಕೇಳುವುದು ಮುನವಳ್ಳಿಯ ಆ ಓಣಿಯ ರೂಢಿ. ಹೆಸರು, ಮೆಣಸಿನಕಾಯಿ, ಕೌದಿ, ಮುಗ್ಗಿದ ಜೋಳ, ಎಲ್ಲಕ್ಕೂ ಬಿಸಿಲು ತೋರಿಸುವವಳು ಅವಳು. ಒಂದನ್ನು ಬಿಟ್ಟು.

ಅದು ಮುಟ್ಟಿನ ಬಟ್ಟೆ. ಅದರ ಜಾಗ ಕೊಟ್ಟಿಗೆಯ ಹಿಂದಿನ ಹೊಟ್ಟಿನ ಕೋಣೆ. ಅಲ್ಲೊಂದು ಹಗ್ಗ, ಹಗ್ಗದ ಮೇಲೆ ಬಟ್ಟೆ, ಬಟ್ಟೆಯನ್ನು ಮುಚ್ಚಿದ ಹಳೆಯ ಸೀರೆ. ಸೂರ್ಯ ನೋಡಬಾರದು, ಗಂಡಸು ನೋಡಬಾರದು. ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ಹಸಿ ಇದ್ದಂತೆಯೇ ಮತ್ತೆ ಮೈಗೆ ಹತ್ತುತ್ತದೆ.

ಮಗಳು ಶೈಲಜಾ ಕಾಲೇಜಿಗೆ ಪ್ಯಾಡ್ ಹಾಕಿಕೊಂಡು ಹೋಗುತ್ತಾಳೆ. ಮನೆಯಲ್ಲಿ ಅದು ನಡೆಯದು. ಎಲ್ಲಿ ಎಸೆದರೂ ನಾಯಿಗಳು ಎಳೆದು ತರುತ್ತವೆ ಎಂದು ಅಜ್ಜಿಯ ತಕರಾರು. ಈಗ ಹುಡುಗಿ ಜ್ವರ ಬಂದು ಮಲಗಿದ್ದಾಳೆ. ತೊಡೆಯ ಸಂದಿ ಸುಲಿದು ಕೆಂಪಾಗಿದೆ, ಮೂತ್ರಕ್ಕೆ ಹೋದರೆ ಉರಿ. ಈ ಮಳೆಗಾಲದಲ್ಲಿ ಇದು ಎರಡನೆಯ ಸಲ. ಬಟ್ಟೆ ಎಲ್ಲಿ ಒಣಗಿಸುತ್ತೀರಿ ಎಂದು ಡಾಕ್ಟರು ಕೇಳಿದಾಗ ಅನ್ನಪೂರ್ಣಾ ಗುಳಿಗೆಯ ಚೀಟಿ ಮಡಚಿಕೊಂಡು ಎದ್ದಿದ್ದಳು.

ಅವಳು ಕೆಳಗಿಳಿದಾಗ ಆಶಾ ಕಾರ್ಯಕರ್ತೆ ಸ್ನೇಹಲ್ ಪಡಸಾಲೆಯಲ್ಲಿ ಕುಳಿತಿದ್ದಳು. ಎದುರಿಗೆ ಅತ್ತೆ ಗುರುಬಸವ್ವ ಅಡಕೆ ಕತ್ತರಿಸುತ್ತಿದ್ದಳು.

"ಆಯಿ, ಗುಳಿಗಿ ಎಷ್ಟ ನುಂಗಿದ್ರೂ ಹಸಿ ಬಟ್ಟಿ ಕಟ್ಟಿದ್ರ ಮತ್ತ ಬರೂದ. ಚಲೋತ್ನಂಗ ತೊಳದು ಬಿಸಲಾಗ ಹಾಕ್ರಿ," ಎಂದಳು ಸ್ನೇಹಲ್.

"ಓಣಿಗೆಲ್ಲಾ ತೋರಣಾ ಕಟ್ಟಂತೀಯೇನವಾ?"

"ಕೌದಿ ಹಾಕೂದಿಲ್ರಿ? ಹಂಗ."

"ಕೌದಿ ಬ್ಯಾರೆ, ಅದು ಬ್ಯಾರೆ. ಸೂರ್ಯನಾರಾಯಣಗ ಮೈಲಿಗಿ ತೋರಿಸಿದ್ರ ಮನಿತನಾ ಉಳಿತೈತೇನು? ಅದರ ಮ್ಯಾಲ ಹಾವು ದಾಟಿದ್ರ ಹುಡುಗಿ ಬಂಜಿ ಆಕ್ಕಾಳ."

"ಹಾವು ಹೊಟ್ಟಿನ ಕ್ವಾಣ್ಯಾಗ ಇರತಾವೋ, ಮಾಳಿಗಿ ಮ್ಯಾಲ ಇರತಾವೋ, ನೀವ ಹೇಳ್ರಿ ಆಯಿ."

ಒಳಗಿನಿಂದ ಶೈಲಜಾ ನಕ್ಕದ್ದು ಕೇಳಿಸಿತು. ಗುರುಬಸವ್ವ ಅಡಕೊತ್ತು ಕೆಳಗಿಟ್ಟು ಮೊಮ್ಮಗಳಿದ್ದ ಕೋಣೆಯ ಕಡೆ ತಿರುಗಿದಳು.

"ನಗತಾಳ ನೋಡು! ನನಗ ಆಗಿಲ್ಲೇನ ಇದು? ಮದವಿಯಾದ ವರ್ಷದಿಂದ ಉರಿ, ತುರಕಿ. ನಿಮ್ಮಪ್ಪ ಹುಟ್ಟೂ ಮುಂದ ಸುದ್ದಾ ಇತ್ತು. ಬಾಯಿ ಬಿಟ್ಟೇನೇನು? ನಿಮ್ಮವ್ವನ್ನ ಕೇಳು, ಆಕಿ ಬಾಯಿ ಬಿಟ್ಟಾಳೇನು? ಹೆಂಗಸಾಗಿ ಹುಟ್ಟಿದ ಮ್ಯಾಲ ಇಷ್ಟ!"

ಮುದುಕಿ ಅದನ್ನು ಹೆಮ್ಮೆಯಿಂದಲೇ ಹೇಳಿದ್ದಳು. ಸ್ನೇಹಲ್ ತಿರುಗಿ ಅನ್ನಪೂರ್ಣಾಳ ಮುಖ ನೋಡಿದಳು. ಅನ್ನಪೂರ್ಣಾ ಚಹಾಕ್ಕೆ ನೀರಿಡಲು ಒಳಗೆ ಹೋದಳು.

ಸುಳ್ಳಲ್ಲ. ಪ್ರತಿ ಮಳೆಗಾಲ ಅವಳಿಗೂ ಆ ಉರಿ ಇತ್ತು. ಹಸಿ ಹೊಲದಲ್ಲಿ ಕೂತು ಕಳೆ ತೆಗೆದದ್ದಕ್ಕೆ ಬಂದದ್ದೆಂದು ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸುಮ್ಮನಿದ್ದಳು. ಅತ್ತೆಗೂ ಇತ್ತೆಂದು ತಿಳಿದದ್ದು ಇವತ್ತೇ. ಒಂದೇ ಸೂರಿನ ಕೆಳಗೆ ಮೂವರು ಹೆಂಗಸರಿಗೆ ಒಂದೇ ನೋವು, ಹಿರಿಯರಿಬ್ಬರೂ ಅದನ್ನು ಒಬ್ಬರಿಗೊಬ್ಬರು ಹೇಳದೆ ತಿಂದಿದ್ದರು. ಇಂಥ ಮನೆಗಳು ನಮ್ಮಲ್ಲಿ ಎಷ್ಟಿವೆಯೋ! ಮುಚ್ಚಿಟ್ಟದ್ದನ್ನೇ ಮರ್ಯಾದೆ ಎಂದು ಕರೆದವರು, ಅದರೊಳಗೆ ಹುಣ್ಣಾದವರ ಗೋಳು ಕೇಳಿದ್ದುಂಟೆ?

ಸಂಜೆ ಗಂಡ ಶ್ರೀಶೈಲ ಹೊಲದಿಂದ ಬಂದವನೇ, "ನಾಳಿ ಹ್ಯಾಂಗೈತಿ? ಆಳು ಕರೀಲೇನು?" ಎಂದ.

"ಕರೀರಿ. ಬಿಸಲು ಬೀಳತೈತಿ."

ಹೆಸರು ಗುಂಪಿ ಮಾಡಲು ಅವಳು ಮತ್ತೆ ಮಾಳಿಗೆ ಹತ್ತಿದಳು. ಪಶ್ಚಿಮದಲ್ಲಿ ಮೋಡ ಒಡೆದು ಆಕಾಶ ತೊಳೆದಂತಿತ್ತು. ನೀರಿನ ಟಾಕಿಯಿಂದ ಮೂಲೆಯ ಸರಳಿಗೆ ಒಂದು ಹಗ್ಗ ಸಲೀಸಾಗಿ ಮುಟ್ಟುತ್ತದೆ. ಅಲ್ಲಿ ಹೊತ್ತು ಮುಳುಗುವ ತನಕ ನೆರಳಿಲ್ಲ. ಕೆಂಚವ್ವನಿಗೆ ಕಾಣುತ್ತದೆ, ರಸ್ತೆಗೂ ಕಾಣುತ್ತದೆ. ಮಾಳಿಗೆ ಹತ್ತಲಾಗದ ಅತ್ತೆಗೆ ಚಹಾದ ಹೊತ್ತಿಗೆ ಸುದ್ದಿ ಮುಟ್ಟುತ್ತದೆ. ಮುಟ್ಟಲಿ.

ನಾಳೆ ಆ ಹಗ್ಗದ ಮೇಲೆ ಶೈಲಜಾಳ ಬಟ್ಟೆಯ ಜೊತೆ ತನ್ನದೂ. ರಸ್ತೆಯ ಬದಿಗೆ ತನ್ನದು, ಒಳಬದಿಗೆ ಮಗಳದು. ಮಾತು ಬಂದರೆ ಮೊದಲು ತನ್ನ ಮೇಲೆ ಬರಲಿ.

ಗುಂಪಿಯ ಮೇಲೆ ತಾಡಪತ್ರಿ ಹೊದಿಸಿ, ಮೂಲೆಗಳಿಗೆ ಕಲ್ಲಿಟ್ಟು, ಅವಳು ರೊಟ್ಟಿ ಬಡಿಯಲು ಕೆಳಗಿಳಿದಳು.